ನೇಪಾಳದ ಹಳ್ಳಿಶಾಲೆಯಲ್ಲಿ ಪಾಠ ಹೇಳಲು ಹೋಗುವುದರ ಕುರಿತು

ಪ್ರಶ್ನೆ (ಧಾರವಾಡ): ಗಣಿತ ಶಿಕ್ಷಕಿಯಾಗಿ 31 ವರ್ಷ ಸೇವೆ ಸಲ್ಲಿಸಿ ನಿವೃತ್ತಳಾಗಿರುವ ನನಗೆ, ನೇಪಾಳದ ಗುಡ್ಡಗಾಡಿನ ಹಳ್ಳಿಶಾಲೆಯೊಂದರಲ್ಲಿ ಮೂರು ತಿಂಗಳು ಸಂಬಳವಿಲ್ಲದೆ ಪಾಠ ಹೇಳಬೇಕೆಂಬ ಆಸೆಯಿದೆ. ಇದಕ್ಕಾಗಿ ಸಂಸ್ಥೆಯೊಂದು ನನ್ನಿಂದಲೇ 80 ಸಾವಿರ ರೂಪಾಯಿ ಕೇಳುತ್ತಿದೆ. ಇದು ಸರಿಯೇ? ಭಾಷೆ ಮತ್ತು ಕಾಗದಪತ್ರಗಳ ಬಗ್ಗೆಯೂ ಬಲ್ಲವರು ತಿಳಿಸಬೇಕು.

ಉತ್ತರ (ಗದಗ): ಮೇಡಂ, ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ, ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಜೊತೆಗಿರಲಿ, ಆಧಾರ್ ಒಂದನ್ನೇ ನೆಚ್ಚಿ ಹೊರಡಬೇಡಿ. ಊಟ, ವಸತಿಯ ಖರ್ಚು ಕೇಳುವುದು ತಪ್ಪಲ್ಲ, ಆದರೆ ಅದರಲ್ಲಿ ಶಾಲೆಗೆ ಎಷ್ಟು ಸೇರುತ್ತದೆಂಬುದನ್ನು ಬರಹದಲ್ಲಿ ಕೊಡಲು ಹಿಂಜರಿದರೆ ಆ ಸಂಸ್ಥೆಯನ್ನು ಬಿಟ್ಟುಬಿಡಿ. ನಾನು ಏನನ್ನೂ ವಿಚಾರಿಸದೆ ಹಣ ಕಟ್ಟಿ ಹೋದಾಗ ಶಾಲೆಗೆ ದಸೈಂ ಹಬ್ಬದ ರಜೆ ಬಿದ್ದಿತ್ತು. ಊರಿನಿಂದ ಒಯ್ದಿದ್ದ ಖಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಯೊಡನೆ ಮುರಿದು ತಿನ್ನುತ್ತ, ಬೀಗ ಹಾಕಿದ ಶಾಲೆಯನ್ನು ಎದುರಿನ ಜಗುಲಿಯಿಂದ ನೋಡಿದ್ದೇ ನನ್ನ ಮೊದಲ ವಾರದ ಸೇವೆ.

ಉತ್ತರ (ಹಾವೇರಿ): ಅಲ್ಲಿ ಶಾಲಾ ವರ್ಷ ವೈಶಾಖದಲ್ಲಿ, ಎಂದರೆ ಏಪ್ರಿಲ್ ಮಧ್ಯದಲ್ಲಿ ಆರಂಭವಾಗುತ್ತದೆ, ವಾರದ ರಜೆ ಶನಿವಾರ. ನೇಪಾಳಿ ಭಾಷೆಗೂ ದೇವನಾಗರಿ ಲಿಪಿಯೇ ಇರುವುದರಿಂದ ಹಿಂದಿ ಓದಬಲ್ಲವರಿಗೆ ಕರಿಹಲಗೆಯ ಅಂಕಿಗಳು ತೊಡಕಾಗುವುದಿಲ್ಲ. ತೊಡಕಿರುವುದು ಬೇರೆಡೆ: "ಬುಝ್ಯೌ?" (ತಿಳಿಯಿತೇ?) ಎಂದು ಕೇಳಿದರೆ, ತಿಳಿದಿರಲಿ ಬಿಡಲಿ, ಇಡೀ ತರಗತಿ ತಲೆಯಾಡಿಸುತ್ತದೆ (ನಮ್ಮ ಮಕ್ಕಳೇನೂ ಕಡಿಮೆಯಿಲ್ಲ). ಆದ್ದರಿಂದ ಅಲ್ಲಿನ ಶಿಕ್ಷಕರನ್ನು ಜೊತೆಗಿರಿಸಿಕೊಂಡೇ ಪಾಠ ಮಾಡಿ. ನೀವು ಮರಳಿದ ಮೇಲೆ ಅದನ್ನು ಮುಂದುವರಿಸಬೇಕಾದವರು ಅವರೇ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಖರ್ಚಿನ ವಿವರ ಮತ್ತು ರಜೆಗಳ ಪಟ್ಟಿ ಕೇಳಿ ಇಂದೇ ಪತ್ರ ಬರೆದಿದ್ದೇನೆ.