ಬೆಂಗಳೂರು ಬಿಟ್ಟು ಅಡಿಕೆ ತೋಟದ ಮನೆಗೆ ಸೊಸೆಯಾಗಿ ಹೋದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಜಯನಗರದವಳು:
ನನಗೆ 29. ಹುಟ್ಟಿ ಬೆಳೆದದ್ದು ಬೆಂಗಳೂರು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಎರಡು ವರ್ಷದ ಹಿಂದೆ ಗೆಳತಿಯ ಮದುವೆಗೆ ಶಿರಸಿಗೆ ಹೋದಾಗ ಒಬ್ಬ ಅಡಿಕೆ ಬೆಳೆಗಾರರ ಪರಿಚಯವಾಯಿತು. ಪಂಕ್ತಿಯಲ್ಲಿ ಅಪ್ಪೆಹುಳಿ ಬಡಿಸುತ್ತಾ ಮೂರು ಸಲ ನನ್ನ ಎಲೆಯ ಹತ್ತಿರವೇ ನಿಂತರು. ಈಗ ಮದುವೆಯ ಮಾತು ನಡೆದಿದೆ. ಅವರಿಗೆ ಮೂರು ಎಕರೆ ತೋಟ, ಮನೆ ಶಿರಸಿಯಿಂದ 18 ಕಿ.ಮೀ. ಒಳಗೆ. ಅಪ್ಪ ಅಮ್ಮ ಜೊತೆಗಿದ್ದಾರೆ. ನಮ್ಮ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ನನ್ನ ಪ್ರಶ್ನೆ ಎರಡೇ. ಅಲ್ಲಿಂದ ಕೆಲಸ ಮುಂದುವರಿಸಬಹುದಾ? ಮೊದಲ ವರ್ಷ ಪೇಟೆಯಲ್ಲಿ ಬಾಡಿಗೆ ಮನೆ ಮಾಡಿದರೆ ಅವರ ಮನೆಯವರಿಗೆ ಬೇಸರವಾಗುತ್ತದಾ?

ಸಿದ್ದಾಪುರದ ಸೊಸೆ:
ನನ್ನ ಕಥೆ ಕೇಳಿ. 2016ರಲ್ಲಿ ಮದುವೆ. ಗಂಡ ಬಂಗಾರದಂಥವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಸೋಲಿಸಿದ್ದು ಸಿಡಿಲು. ಎರಡು ಮಳೆಗಾಲದಲ್ಲಿ ನಾಲ್ಕು ಮೋಡೆಮ್ ಸುಟ್ಟವು, ಒಂದೊಂದಕ್ಕೆ 1,800 ರೂಪಾಯಿ. ಇನ್ವರ್ಟರ್‌ಗೆ ಎರಡು ಬ್ಯಾಟರಿ ಸೇರಿ 38,000. ಬಿಸಿಲಿಲ್ಲದ ಜುಲೈನಲ್ಲಿ ಏನೂ ಕೊಡದ ಸೋಲಾರ್ ಪ್ಯಾನೆಲ್‌ಗೆ 70,000. ಗುಡ್ಡದ ತುದಿಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ಅಲ್ಲಿ ತಗಡಿನ ಚಪ್ಪರ ಹಾಕಿಸಿದೆ, 11,500. ಒಂದು ದಿನ ಮ್ಯಾನೇಜರ್ ಜೊತೆ ಮಾತಾಡುವಾಗ ಕಾಲುಚೀಲದೊಳಗೆ ಮೂರು ಉಂಬಳ, ಅಂದರೆ ಜಿಗಣೆ. ಹೊರಗೆ ಕಾಣದ ಹಾಗೆ ಕೂತೆ, ರಕ್ತ ಪಾದದವರೆಗೆ ಇಳಿದಿತ್ತು. ಆರು ವರ್ಷ ಹೀಗೇ ತಳ್ಳಿದೆ. 2022ರಲ್ಲಿ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಎಂದಿತು. 62,000 ಸಂಬಳ ಬಿಟ್ಟೆ. ಇವತ್ತಿಗೂ ತಿಂಗಳ ಕೊನೆಯ ದಿನ ಫೋನ್ ನೋಡುತ್ತೇನೆ, ಸಂಬಳದ ಮೆಸೇಜ್ ಬರುವ ಹೊತ್ತಿಗೆ.

ತೀರ್ಥಹಳ್ಳಿ ಬೆಳೆಗಾರ:
ಗಂಡಸರ ಕಡೆಯದೂ ಒಂದು ಸಲ ಕೇಳಿ. ನನ್ನ ಹೆಂಡತಿ ಬೆಂಗಳೂರಿನವಳು. 2019ರ ಮೇ ತಿಂಗಳಲ್ಲಿ ಮದುವೆ, ಆಗಸ್ಟ್‌ನಲ್ಲಿ ಆ ಮಳೆ. ಅದಕ್ಕೆ ಮೊದಲು ಒಂದು ಸಲ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಿದ್ದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎಲ್ಲ ಸರಿಯಾಗಿಯೇ ಕಲಸಿದ್ದೆವು. ಎರಡನೇ ಸಲಕ್ಕೆ ಮಳೆ ಬಿಡಲೇ ಇಲ್ಲ. ಮಳೆ ಬಿಟ್ಟ ಎರಡು ದಿನ ಮರ ಹತ್ತುವವರು ಸಿಗಲಿಲ್ಲ. ಕೊಳೆ ಬಂತು. ಬೆಳಿಗ್ಗೆ ಹೋದರೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿ ಬಿದ್ದಿರುತ್ತಿತ್ತು. ಹದಿನೆಂಟು ಕ್ವಿಂಟಲ್ ಬರುವ ತೋಟದಲ್ಲಿ ಏಳು. ಅದೇ ವರ್ಷ ಮದುವೆ ಸಾಲ ನಾಲ್ಕು ಲಕ್ಷ. ನಾನು ರಾತ್ರಿ ಮಾತಾಡುತ್ತಿರಲಿಲ್ಲ, ಸುಮ್ನೆ ಸೂರು ನೋಡುತ್ತಾ ಮಲಗುತ್ತಿದ್ದೆ. ಅವಳು ನನ್ನ ಮೇಲೆ ಕೋಪವೇನೋ ಎಂದುಕೊಂಡಳು. ನವರಾತ್ರಿಗೆ ತವರಿಗೆ ಹೋದವಳು ಬರಲಿಲ್ಲ. ಮೋಡೆಮ್ ಸುಟ್ಟಿದ್ದನ್ನೇ ದೊಡ್ಡ ನಷ್ಟ ಅನ್ನುವವರು ಒಮ್ಮೆ ಕೊಳೆ ಬಂದ ತೋಟದಲ್ಲಿ ನಿಂತು ನೋಡಬೇಕು.

ಸಿದ್ದಾಪುರದ ಸೊಸೆ:
ನಮ್ಮ ತೋಟಕ್ಕೆ ಕೊಳೆ ಬಂದಿಲ್ಲ ಎಂದುಕೊಂಡಿರಾ? ಅದೇ 2019ರಲ್ಲಿ ನಮಗೂ ಬಂತು. ಆ ವರ್ಷ ಮನೆ ನಡೆದದ್ದು ನನ್ನ ಸಂಬಳದಲ್ಲಿ. ಆ ಮೋಡೆಮ್‌ನಿಂದಲೇ ಅಕ್ಕಿ ಬಂತು, ಔಷಧಿಯ ಸಾಲವೂ ತೀರಿತು. ನಷ್ಟ ಲೆಕ್ಕ ಹಾಕುವಾಗ ಹೆಂಗಸಿನ ದುಡಿಮೆಯನ್ನು ಯಾಕೆ ಬಿಡುತ್ತೀರಿ?

ಮದ್ದೂರಿನ ಕಬ್ಬಿನ ಗದ್ದೆ:
ಅಡಿಕೆಯವರು ಕಷ್ಟ ಹೇಳಿದರೆ ನಮಗೆ ನಂಬಿಕೆ ಬರುವುದು ಕಷ್ಟ. ನಿಮ್ಮದು ಕ್ವಿಂಟಲ್‌ಗೆ ನಲವತ್ತು ಸಾವಿರ ದಾಟುತ್ತದೆ. ಕಬ್ಬಿಗೆ ಕೇಂದ್ರ 2023-24ಕ್ಕೆ ಕಟ್ಟಿದ ದರ ಕ್ವಿಂಟಲ್‌ಗೆ 315 ರೂಪಾಯಿ. ನಮ್ಮ ಕಡೆ ಹೆಣ್ಣು ಕೊಡುವವರೇ ಇಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟಿತ್ತಲ್ಲ, ನಾನೂ ನಡೆದಿದ್ದೆ. ಟೀವಿಯಲ್ಲಿ ನೋಡಿ ನಕ್ಕವರು ಬಹಳ. ನನಗೆ 34 ಆಗಿತ್ತು, ಹದಿನಾರು ಮನೆಯವರು ಬೇಡ ಎಂದಿದ್ದರು. ಮರುವರ್ಷ ಮೈಸೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಬೆಳೆಸಾಲದ ಫಾರಂನಲ್ಲಿ ನನ್ನ ಹೆಸರಿನ ತಪ್ಪು ತಿದ್ದಿದಳು. ಈಗ ಅವಳೇ ನನ್ನ ಹೆಂಡತಿ. 2020ರಲ್ಲಿ ಕಾನೂನು ಬದಲಾದ ಮೇಲೆ ವ್ಯವಸಾಯದ ಮನೆಯಲ್ಲದವರೂ ಜಮೀನು ಕೊಳ್ಳಬಹುದಲ್ಲ, ಅವಳ ದುಡ್ಡಿನಲ್ಲಿ ಪಕ್ಕದ ಇಪ್ಪತ್ತು ಗುಂಟೆ ಕೊಂಡೆವು. ಪಹಣಿಯಲ್ಲಿ ಅವಳ ಹೆಸರು ಮಾತ್ರ ಇದೆ. ನಮ್ಮಪ್ಪ ಎರಡು ತಿಂಗಳು ಮಾತು ಬಿಟ್ಟಿದ್ದರು. ಇರಲಿ. ಗಂಡಿನ ಮನೆಗೆ ಬಂದವಳಿಗೆ ಕಾಲಡಿ ಸ್ವಂತ ನೆಲ ಇರಬೇಕು.

ತೀರ್ಥಹಳ್ಳಿ ಬೆಳೆಗಾರ:
ಒಂದು ಕ್ವಿಂಟಲ್ ಒಣ ಅಡಿಕೆಗೆ ಎಷ್ಟು ಗೊನೆ ಇಳಿಸಬೇಕು, ಸುಲಿಸಬೇಕು, ಬೇಯಿಸಬೇಕು ಎಂದು ಗೊತ್ತಾ ನಿಮಗೆ? ಎಲೆಚುಕ್ಕಿ ರೋಗ ಬಂದು ಸೋಗೆಯೆಲ್ಲ ಒಣಗಿ ನಿಂತ ತೋಟ ನೋಡಿದ್ದೀರಾ? ದರ ಒಂದೇ ಹಿಡಿದುಕೊಂಡು ಹೋಲಿಸಬೇಡಿ.

ಮದ್ದೂರಿನ ಕಬ್ಬಿನ ಗದ್ದೆ:
ಸರ್, ನಾಲೆಗೆ ನೀರು ಬಿಡದ ವರ್ಷ ನಮ್ಮ ಗದ್ದೆಗೆ ಬನ್ನಿ. ಆಮೇಲೆ ಮಾತಾಡೋಣ.

ಸಾಗರ ಬಿಟ್ಟು ಬಂದವಳು:
ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ತಿಂಗಳ ಮೂರು ದಿನ. ಮದುವೆಗೆ ಮೊದಲು ಎಲ್ಲ ಕೇಳಿದ್ದೆ, ಇದೊಂದು ಕೇಳಲಿಲ್ಲ. ಜಗಲಿಯ ಪಕ್ಕದ ಕೋಣೆ, ಬೇರೆ ತಟ್ಟೆ, ಬೇರೆ ಚಾಪೆ. ಇಪ್ಪತ್ತು ಜನರ ತಂಡ ನೋಡಿಕೊಳ್ಳುತ್ತಿದ್ದವಳು ನೀರು ಬೇಕಾದರೆ ಬಾಗಿಲಲ್ಲಿ ನಿಂತು ಕೂಗಬೇಕಿತ್ತು. ಗಂಡ ಒಳ್ಳೆಯವನೇ. ಆದರೆ "ಅಮ್ಮ ಇರುವವರೆಗೆ ಅಡ್ಜಸ್ಟ್ ಮಾಡಿಕೋ" ಎಂದ. ಐದು ವರ್ಷ, ಅರವತ್ತು ತಿಂಗಳು, ನೂರಾ ಎಂಬತ್ತು ದಿನ. ಲೆಕ್ಕ ಇಟ್ಟಿದ್ದೇನೆ.

ಸಿದ್ದಾಪುರದ ಸೊಸೆ:
ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ. ಎಲ್ಲರ ಮನೆಗೂ ಒಂದೇ ಬಣ್ಣ ಬಳಿಯಬೇಡಿ.

ಸಾಗರ ಬಿಟ್ಟು ಬಂದವಳು:
ನಾನು ಎಲ್ಲರ ಮನೆ ಎಂದೆನಾ ಅಕ್ಕ? ನನ್ನ ಮನೆಯದು ಹೇಳಿದೆ. ನಿಮ್ಮ ಮನೆಯಲ್ಲಿ ಇಲ್ಲ ಎಂದರೆ ನನ್ನ ನೂರಾ ಎಂಬತ್ತು ದಿನ ಸುಳ್ಳಾಗುವುದಿಲ್ಲ.

ಜಯನಗರದವಳು:
ಎಲ್ಲರಿಗೂ ಥ್ಯಾಂಕ್ಸ್. ಜಗಳ ಬೇಡ, ಪ್ಲೀಸ್. ಬಾಡಿಗೆ ಮನೆಯ ಬಗ್ಗೆ ಯಾರಾದರೂ ಹೇಳುತ್ತೀರಾ?

ಯಲ್ಲಾಪುರದ ಒಬ್ಬ ಅತ್ತೆ:
ತಂಗೀ, ನಾನು ಅತ್ತೆ. ಎಲ್ಲರೂ ಅತ್ತೆಯ ಬಗ್ಗೆ ಮಾತಾಡುತ್ತಾರೆ, ಅತ್ತೆಯ ಮಾತು ಕೇಳುವವರು ಕಡಿಮೆ. ನನ್ನ ಸೊಸೆ ಪುಣೆಯಲ್ಲಿ ಬೆಳೆದವಳು. ಅವಳು ಬರುತ್ತಾಳೆಂದು 1,85,000 ಖರ್ಚು ಮಾಡಿ ಮಹಡಿಯಲ್ಲಿ ಬಚ್ಚಲು, ಕಮೋಡು, ಗೀಸರ್ ಎಲ್ಲ ಮಾಡಿಸಿದೆವು. ಆ ಟೈಲ್ಸ್ ಆರಿಸಲು ಹುಬ್ಬಳ್ಳಿಗೆ ಎರಡು ಸಲ ಹೋಗಿದ್ದೆ. ಅವರು ಯಲ್ಲಾಪುರ ಪೇಟೆಯಲ್ಲಿ ಬಾಡಿಗೆ ಮನೆ ಮಾಡುತ್ತೇವೆ ಎಂದಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಊರವರಿಗೆ ಏನು ಹೇಳುವುದು? ನನ್ನ ಕೈ ಅಡುಗೆ ಸೇರಲಿಲ್ಲವಾ? ಒಂದು ತಿಂಗಳು ಆ ಮೆಟ್ಟಿಲು ಹತ್ತಲಿಲ್ಲ. ಈಗ ಸೊಸೆ ಶನಿವಾರ ಬರುತ್ತಾಳೆ, ತಂಬುಳಿ ಮಾಡುವುದು ಕಲಿತಿದ್ದಾಳೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಹದಿನೈದು ದಿನ ಇಲ್ಲೇ ಇದ್ದು ಲೆಕ್ಕ ಬರೆಯುತ್ತಾಳೆ. ಒಟ್ಟಿಗೇ ಇದ್ದಿದ್ದರೆ ಇಷ್ಟು ಮಾತಾಡುತ್ತಿದ್ದೆವಾ, ಗೊತ್ತಿಲ್ಲ. ಹಾಗಾಗಿ ಬೇಸರವಾಗುತ್ತದಾ ಎಂದರೆ ಆಗುತ್ತದೆ. ಸುಳ್ಳು ಹೇಳಲಾರೆ. ಆದರೆ ಆ ಮಾತನ್ನು ಮಗನ ಬಾಯಿಂದ ಹೇಳಿಸಬೇಡ. ನೀನೇ ಬಂದು, ಅಡುಗೆ ಮನೆಯಲ್ಲಿ ಕೂತು ಹೇಳು. ಜುಲೈನಲ್ಲೇ ಬಾ, ಬಿಸಿಲು ದಿನದಲ್ಲಿ ನೋಡಿದರೆ ಈ ಊರು ಗೊತ್ತಾಗುವುದಿಲ್ಲ.

ತೀರ್ಥಹಳ್ಳಿ ಬೆಳೆಗಾರ:
ಅಮ್ಮ ಹೇಳಿದ್ದು ಸರಿ. ಹುಡುಗ ರಾತ್ರಿ ಮಾತಾಡದೆ ಮಲಗಿದರೆ ಯಾಕೆ ಎಂದು ಕೇಳಿ, ಮೇಡಂ. ಕೇಳಿದರೆ ಹೇಳುತ್ತೇವೆ.

ಸಾಗರ ಬಿಟ್ಟು ಬಂದವಳು:
ಕೇಳುವ ಕೆಲಸವೂ ನಾವೇ ಮಾಡಬೇಕಾ?

ಜಯನಗರದವಳು:
ಜುಲೈ ಎರಡನೇ ವಾರ ಹತ್ತು ದಿನ ರಜೆ ಹಾಕಿದೆ. ಅವರ ಅಮ್ಮನಿಗೆ ನಾನೇ ಫೋನ್ ಮಾಡಿ ಬರುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಪ್ಪಲಿ ಬೇಡ, ಬೂಟು ತಗೊಂಡು ಬಾ" ಎಂದರು. ಸಿದ್ದಾಪುರದ ಅಕ್ಕ, ಉಂಬಳಕ್ಕೆ ಏನು ಹಚ್ಚಬೇಕು?

ಸಿದ್ದಾಪುರದ ಸೊಸೆ:
ಸುಣ್ಣ, ಹೊಗೆಸೊಪ್ಪು. ಕಿತ್ತು ಎಳೆಯಬೇಡ. ಗುಡುಗು ಶುರುವಾದ ತಕ್ಷಣ ಲ್ಯಾಪ್‌ಟಾಪ್ ಪ್ಲಗ್ ತೆಗಿ.