ಗೋವಿನಜೋಳದ ಹಿಟ್ಟಿನಲ್ಲಿ ಟಾರ್ಟಿಯಾ ಚಿಪ್ಸ್ ಮಾಡಿದರೆ ಒಡೆದು ಹೋಗ್ತಿವೆ, ಏನು ತಪ್ಪು?

ರಾಣೆಬೆನ್ನೂರು ಮಗಳು (ಪ್ಲೇನೋ, ಟೆಕ್ಸಸ್):

ಎಲ್ಲರಿಗೂ ನಮಸ್ಕಾರ. ಟೊಸ್ಟಿಟೋಸ್ ಅನ್ನೋ ಟಾರ್ಟಿಯಾ ಚಿಪ್ಸ್ (ಮೆಕ್ಸಿಕೋದ ಗೋವಿನಜೋಳದ ರೊಟ್ಟಿ ಕತ್ತರಿಸಿ ಕರಿದದ್ದು) ಮಾಡುವ ಫ್ರಿಟೊ-ಲೇ ಕಂಪನಿಯ ಮುಖ್ಯ ಕಚೇರಿ ಇರೋದು ನಾವಿರುವ ಪ್ಲೇನೋದಲ್ಲೇ. ಹೋದ ಬೇಸಿಗೆಯಲ್ಲಿ ಅವ್ವ ಬಂದು ನಾಲ್ಕು ತಿಂಗಳು ಇದ್ದಳು. ಪಿಜ್ಜಾ, ಬರ್ಗರ್ ಯಾವುದೂ ಅವಳಿಗೆ ಸೇರಲಿಲ್ಲ, ಈ ಚಿಪ್ಸ್ ಮಾತ್ರ ಬಾಯಿಗೆ ಹತ್ತಿತು. ಮೊದಲ ಸಲ ಚೀಲ ಒಡೆದಾಗ ಒಂದನ್ನು ಮುರಿದು ಮೂಗಿಗೆ ಹಿಡಿದು, "ಇದಕ್ಕ ಸುಣ್ಣದ ವಾಸ್ನಿ ಐತಲ್ಲಬೇ" ಅಂದಳು. ನಲವತ್ತು ವರ್ಷದಿಂದ ಎಲೆ ಅಡಿಕೆ ಹಾಕುವವಳು. ನಾನು ಚೀಲದ ಹಿಂಬದಿ ಓದಿ, ಗೋವಿನಜೋಳ, ಎಣ್ಣೆ, ಉಪ್ಪು ಅಷ್ಟೇ ಇರೋದು, ಸುಣ್ಣ ಎಲ್ಲಿಂದ ಬರಬೇಕು ಅಂದೆ. ಸುಮ್ಮನಾದಳು.

ಚಿಪ್ಸ್ ಜೊತೆ ತಿನ್ನುವ ಸೀಸೆಯ ಸಾಲ್ಸಾ (ಟೊಮೆಟೊ ಚಟ್ನಿ) ಅವಳಿಗೆ ಹಿಡಿಸಲಿಲ್ಲ. ಮರುದಿನ ಗಟ್ಟಿ ಮೊಸರಿಗೆ ಗುರೆಳ್ಳು ಚಟ್ನಿಪುಡಿ ಕಲಸಿ, ಮೇಲೆ ಈರುಳ್ಳಿ ಹೆಚ್ಚಿ ಹಾಕಿಟ್ಟಳು. ಸ್ಕೂಪ್ಸ್ ಅಂತ ಪುಟ್ಟ ಬಟ್ಟಲಿನ ಆಕಾರದ್ದು ಬರುತ್ತಲ್ಲ, ಅದರಲ್ಲಿ ತುಂಬಿಕೊಂಡು ತಿಂದರೆ ಒಂದು ಹನಿಯೂ ಸೋರುವುದಿಲ್ಲ. ಚೀಲದ ಮೇಲೆ ಇಂಗ್ಲಿಷಿನಲ್ಲಿ ಬರೆದ ಟೊಸ್ಟಿಟೋಸ್ ಹೆಸರಿನ ನಡುವಿನ ಎರಡು ಟೀ ಅಕ್ಷರ ಇಬ್ಬರು ಮನುಷ್ಯರು, ಐ ಅಕ್ಷರದ ಮೇಲಿನ ಚುಕ್ಕೆಯೇ ಸಾಲ್ಸಾ ಬಟ್ಟಲು ಅಂತ ತೋರಿಸಿದೆ. ಆಮೇಲೆ ಮನೆಗೆ ಬಂದವರಿಗೆಲ್ಲ ಅವಳೇ ತೋರಿಸುತ್ತಿದ್ದಳು.

ಈಗ ಊರಲ್ಲಿ, ನಮ್ಮದೇ ಹೊಲದ ಗೋವಿನಜೋಳ ಗಿರಣಿಗೆ ಹಾಕಿಸಿ, ರೊಟ್ಟಿಗೆ ಮಾಡಿದಂತೆ ಎಸರಿಟ್ಟು ನಾದಿ ಮಾಡುತ್ತಿದ್ದಾಳೆ. ಮೂರು ಸಲ ಕೆಟ್ಟಿತು. ಅರ್ಧ ಹಂಚಿನಿಂದ ಎತ್ತುವಾಗಲೇ ಒಡೆಯುತ್ತವಂತೆ, ಉಳಿದವು ಎಣ್ಣೆ ಕುಡಿದು ಕಲ್ಲಾಗುತ್ತವಂತೆ. ಇಲ್ಲಿ ಕಾರ್ನ್‌ಮೀಲ್ (ಅಂಗಡಿಯ ಗೋವಿನಜೋಳದ ಹಿಟ್ಟು) ತಂದು ನಾನು ಮಾಡಿದಾಗಲೂ ಹಾಗೇ ಆಯಿತು. ನಮ್ಮೂರ ಕಡೆ ಈ ಬೆಳೆ ಹೆಚ್ಚಿನದೆಲ್ಲ ಕೋಳಿ ಆಹಾರಕ್ಕೆ ಹೋಗುತ್ತದೆ. "ನಮ್ಮ ಹೊಲದ್ದರಾಗ ನಾ ಮಾಡೇ ಮಾಡ್ತೀನಿ" ಅಂತ ಹಟ ಹಿಡಿದಿದ್ದಾಳೆ. ಅವಳಿಗೆ ಸರಿಯಾದ ದಾರಿ ಹೇಳಬೇಕು, ತಿಳಿದವರು ದಯವಿಟ್ಟು ತಿಳಿಸಿ.

ಮಂಡ್ಯದವ, ಹ್ಯೂಸ್ಟನ್:

ಅರ್ಧದಷ್ಟು ಮೈದಾ ಸೇರಿಸಿ ನೋಡಿ ಅಕ್ಕ. ನಮ್ಮನೇಲಿ ಹಂಗೇ ಮಾಡೋದು, ಒಡೆಯಲ್ಲ. ಆದ್ರೆ ರುಚಿ ಚಿಪ್ಸ್‌ದಲ್ಲ, ಶಂಕರಪೋಳಿ ಥರ ಆಗುತ್ತೆ.

ಮೈಸೂರು ಮೇಷ್ಟ್ರು:

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ್ದೇ ಸರಿ, ಅದು ಸುಣ್ಣದ ವಾಸನೆಯೇ. ಟಾರ್ಟಿಯಾಗೆ ಒಣ ಗೋವಿನಜೋಳವನ್ನು ಹಾಗೇ ಬೀಸುವುದಿಲ್ಲ. ಮೊದಲು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಒದ್ದೆಯಾಗಿಯೇ ರುಬ್ಬುತ್ತಾರೆ. ಹೀಗೆ ತೊಳೆದು ತೆಗೆಯುವ ಸುಣ್ಣವನ್ನು ಚೀಲದ ಮೇಲೆ ಬರೆಯದೆ ಇರುವುದುಂಟು. ಮೆಕ್ಸಿಕೋದಲ್ಲಿ ಇದು ಸಾವಿರಾರು ವರ್ಷ ಹಳೆಯ ಪದ್ಧತಿ. ಹೀಗೆ ಬೆಂದ ಕಾಳಿಗೆ ನಿಕ್ಸ್‌ತಮಾಲ್ ಎಂದು ಹೆಸರು. ಅಲ್ಲಿನ ನಾವಾಟ್ಲ್ ಭಾಷೆಯಲ್ಲಿ ನೆಕ್ಸ್‌ಟ್ಲಿ ಅಂದರೆ ಬೂದಿ, ತಮಾಲ್ಲಿ ಅಂದರೆ ಜೋಳದ ಕಣಕ.

ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಸುಣ್ಣ ಕಾಳಿನ ಸಿಪ್ಪೆ ಕಳಚುತ್ತದೆ, ಒಳಗಿನ ಪಿಷ್ಟ ಸ್ವಲ್ಪ ಬೆಂದು ಕಣಕ ಹಿಡಿದುಕೊಳ್ಳುತ್ತದೆ. ನೀವು ತಂದ ಕಾರ್ನ್‌ಮೀಲ್‌ಗೆ ಆ ಸಂಸ್ಕಾರವೇ ಆಗಿಲ್ಲ, ಎಷ್ಟು ನಾದಿದರೂ ಕೂಡುವುದಿಲ್ಲ. ನೀವಿರುವಲ್ಲಿ ಮೆಕ್ಸಿಕನ್ ಅಂಗಡಿಯಲ್ಲಿ ಮಾಸಾ ಹರೀನಾ ಕೇಳಿ, ಅದು ಸುಣ್ಣದಲ್ಲಿ ಬೇಯಿಸಿ ಒಣಗಿಸಿದ ಹಿಟ್ಟು. ಇನ್ನೊಂದು ಮಾತು, ಇದು ಬರೀ ರುಚಿಯ ವಿಷಯವಲ್ಲ. ಜೋಳದಲ್ಲಿರುವ ನಯಾಸಿನ್ ಜೀವಸತ್ವ ಮೈಗೆ ಹತ್ತುವುದೂ ಸುಣ್ಣದಿಂದಲೇ. ಯುರೋಪಿಗೆ ಜೋಳ ಹೋಯಿತು, ಸುಣ್ಣದ ಪದ್ಧತಿ ಹೋಗಲಿಲ್ಲ. ಜೋಳವನ್ನೇ ನಂಬಿ ಬದುಕಿದ ಬಡವರಿಗೆ, ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಬಂತು.

ತಾಯಿಯವರಿಗೆ ಅಳತೆ: 1 ಕೆಜಿ ಒಣಕಾಳು, 3 ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣ. ಗೋಡೆಗೆ ಬಳಿಯುವ ಸುಣ್ಣ ಖಂಡಿತ ಬೇಡ. ಪಾತ್ರೆ ಸ್ಟೀಲ್ ಆಗಿರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಮುಚ್ಚಿಡಲಿ. ಬೆಳಿಗ್ಗೆ ಸಿಪ್ಪೆ ಲೋಳೆಯಾಗಿ ಕೈಗೆ ಬರುತ್ತದೆ. ಉಜ್ಜಿ ಎರಡು ಮೂರು ನೀರಿನಲ್ಲಿ ತೊಳೆದು ಗಟ್ಟಿಯಾಗಿ ರುಬ್ಬಲಿ.

ಹಾವೇರಿ ಕಾಕು:

ತಂಗಿ, ಮೇಷ್ಟ್ರು ಹೇಳಿದ್ದು ಖರೆ. ನಂದೊಂದು ಮಾತು ಕೇಳು. ಬಿತ್ತಾಕ ತಂದ ಪಾಕೀಟಿನ ಕಾಳು ಉಳದಿದ್ರ ಅದನ್ನ ಮುಟ್ಟಬ್ಯಾಡ ಅಂತ ಅವ್ವಗ ಹೇಳು, ಅದಕ್ಕ ಬಣ್ಣದ ಔಷಧ ಬಳದಿರ್ತಾರ. ಹೊಲದಾಗ ಬೆಳದ ಕಾಳಷ್ಟ ತಗೊಳ್ಳಿ. ಬಡಿಯೂದು ಬ್ಯಾಡ, ಎರಡು ಪ್ಲಾಸ್ಟಿಕ್ ಹಾಳಿ ನಡಕ ಉಂಡಿ ಇಟ್ಟು ತಾಟಿನಿಂದ ಒತ್ತಲಿ. ಹಂಚಿನ ಮ್ಯಾಲೆ ಬೇಯಿಸಿ, ಕತ್ತರಿಸಿ, ಕಟಕ ರೊಟ್ಟಿ ಹಂಗ ಒಂದೆರಡು ತಾಸು ಆರಲಿ, ಆಮ್ಯಾಲೆ ಕರೀಲಿ. ಹಸಿ ಇದ್ದಾಗ ಬಿಟ್ಟಿದ್ದಕ್ಕ ಎಣ್ಣಿ ಕುಡದಾವ.

ರಾಣೆಬೆನ್ನೂರು ಮಗಳು:

ಮೇಷ್ಟ್ರೇ, ಕಾಕು, ನಿನ್ನೆ ಆಯಿತು! ಮೊದಲು ಅವ್ವನ ಕ್ಷಮೆ ಕೇಳಿದೆ, ಸುಣ್ಣದ ಮಾತು ನಾನು ನಂಬಲಿಲ್ಲವಲ್ಲ. ಕಾಳು ಬೇಯುವಾಗ ಅರಿಶಿನ ಹಾಕಿದಂತೆ ಹಳದಿ ಏರಿತಂತೆ. ಉಂಡೆ ಒತ್ತಿದಾಗ ಅಂಚು ಬಿರಿಯಲಿಲ್ಲ, ಹಂಚಿನಿಂದ ಎಲ್ಲವೂ ಇಡಿಯಾಗಿ ಎದ್ದವು. ವಿಡಿಯೋ ಕಾಲ್‌ನಲ್ಲಿ ನೋಡಿದೆ, ಕರಿದಾಗ ಮೈಮೇಲೆ ಸಣ್ಣ ಗುಳ್ಳೆ, ಥೇಟ್ ಚೀಲದಿಂದ ಬಂದವುಗಳಂತೆ. ಕೊಂಚ ದಪ್ಪ, ಅಷ್ಟೇ. ಪಕ್ಕದ ಮನೆಯವರಿಗೂ ಗುರೆಳ್ಳು ಮೊಸರಿನ ಜೊತೆ ಕೊಟ್ಟಿದ್ದಾಳೆ.

ಒಂದೇ ತೊಂದರೆ. ಗ್ರೈಂಡರ್ ಕಲ್ಲಿಗೆ ಸುಣ್ಣದ ವಾಸನೆ ಹಿಡಿದಿದೆ, ನಾಳೆ ಇಡ್ಲಿಗೆ ರುಬ್ಬಬೇಕು. ಏನು ಮಾಡಲಿ ಅಂತ ಕೇಳುತ್ತಿದ್ದಾಳೆ.

ಹಾವೇರಿ ಕಾಕು:

ಹುಣಸಿಹಣ್ಣಿನ ನೀರು ಹಾಕಿ ಹತ್ತು ಮಿನಿಟ್ ತಿರುವಾಕ ಹೇಳು. ಆಮ್ಯಾಲೆ ಒಂದು ಮುಷ್ಟಿ ಅಕ್ಕಿ ರುಬ್ಬಿ ಚೆಲ್ಲಿ, ಕಲ್ಲು ತೊಳೀಲಿ. ಹೋಗ್ತದ.