ನನ್ನ ಲೆಕ್ಕದಲ್ಲಿ 17 ಸೂರ್ಯಕಲೆ, ಅಧಿಕೃತ ಸಂಖ್ಯೆ 81. ಯಾಕೆ?

ಬಿಸಿಲುಗಣ್ಣು:
ನನ್ನದು 70 ಮಿ.ಮೀ. ಲೆನ್ಸ್ ಟೆಲಿಸ್ಕೋಪ್. ಮುಂದೆ ಸೌರ ಫಿಲ್ಟರ್ ಹಾಕಿ, ಕಂಡ ಕಲೆಗಳನ್ನು ಕಾಗದದ ಮೇಲೆ ಒಂದು ವೃತ್ತದೊಳಗೆ ಗುರುತು ಮಾಡ್ತೇನೆ. ನಿನ್ನೆ 17 ಕಲೆ ಕಂಡವು. ದಿನದ ಅಧಿಕೃತ ಸಂಖ್ಯೆ ನೋಡಿದರೆ 81! ಉಳಿದವು ಎಲ್ಲಿ ಹೋದವು? ಇನ್ನೊಂದು ವಿಷಯ. ನನ್ನ ಚಿತ್ರಗಳಲ್ಲಿ ಕಲೆಗಳು ದಿನದಿಂದ ದಿನಕ್ಕೆ ಎಡಕ್ಕೆ ಸರಿಯುತ್ತವೆ. ಉಪಗ್ರಹದ ಚಿತ್ರಗಳಲ್ಲಿ ಬಲಕ್ಕೆ.

ಹಳೇ ಎಣಿಕೆದಾರ:
ಆ 81 ಅನ್ನೋದು ಬರೀ ಕಲೆಗಳ ಲೆಕ್ಕವೇ ಅಲ್ಲ. 1848ರಲ್ಲಿ ಸ್ವಿಸ್ ಖಗೋಳಶಾಸ್ತ್ರಜ್ಞ ರುಡಾಲ್ಫ್ ವುಲ್ಫ್ ಮಾಡಿಕೊಂಡ ಸೂತ್ರದಿಂದ ಬಂದದ್ದು ಅದು. ಗುಂಪುಗಳನ್ನು ಎಣಿಸಿ 10ರಿಂದ ಗುಣಿಸಬೇಕು. ಅದಕ್ಕೆ ಬಿಡಿ ಕಲೆಗಳನ್ನು ಕೂಡಿಸಬೇಕು. ಗುಂಪಿಗೆ ಅಷ್ಟು ಬೆಲೆ ಕೊಟ್ಟಿದ್ದು ಸರಿಯೇ. ಸಣ್ಣ ಚುಕ್ಕೆಗಳು ಗಾಳಿ ಕಲಕಿದರೆ ಮಾಯ, ಗುಂಪು ಮಾತ್ರ ಸುಲಭಕ್ಕೆ ತಪ್ಪಿಸಿಕೊಳ್ಳೋದಿಲ್ಲ. ನಿಮ್ಮ 17 ಎಷ್ಟು ಗುಂಪುಗಳಲ್ಲಿದ್ದವು?

ಬಿಸಿಲುಗಣ್ಣು:
ನಾಲ್ಕು. ಅಂದರೆ 40ಕ್ಕೆ 17 ಸೇರಿ 57. ಆದರೂ 81 ಆಗಲಿಲ್ಲ ಅಲ್ವಾ?

ಹಳೇ ಎಣಿಕೆದಾರ:
ಆಗಬೇಕಾಗಿಯೂ ಇಲ್ಲ. ವುಲ್ಫ್ ತೀರಾ ಸಣ್ಣ ಚುಕ್ಕೆಗಳನ್ನು ಬಿಡುತ್ತಿದ್ದರು. ಅವರ ನಂತರ ಬಂದ ವುಲ್ಫರ್ ಎಲ್ಲವನ್ನೂ ಎಣಿಸಿದರು, ಸಂಖ್ಯೆ ಜಾಸ್ತಿ ಬಂತು. ಹಳೆಯದಕ್ಕೆ ಹೊಂದಿಸಲು ಅದನ್ನು 0.6ರಿಂದ ಗುಣಿಸುವ ಪದ್ಧತಿ ಬಂತು. 2015ರಲ್ಲಿ ಆ 0.6 ಕೈಬಿಟ್ಟು ಇಡೀ ಸರಣಿಯನ್ನು ಪರಿಷ್ಕರಿಸಿದರು. ಹಾಗಾಗಿ ಹಳೇ ಪುಸ್ತಕದ ಅಂಕಿಗಳ ಪಕ್ಕ ಈಗಿನವನ್ನು ಇಡಬೇಡಿ. ಈಗಿನ ಸಂಖ್ಯೆ ಬ್ರಸೆಲ್ಸ್‌ನಲ್ಲಿ ಸಿದ್ಧವಾಗುತ್ತದೆ, ಹಲವು ದೇಶಗಳ ವೀಕ್ಷಕರ ಲೆಕ್ಕ ಸೇರಿಸಿ. ಅವರಲ್ಲಿ ಹವ್ಯಾಸಿಗಳೂ ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಗುಣಾಂಕ, ಅಂದರೆ ಅವರ ಲೆಕ್ಕವನ್ನು ಉಳಿದವರದಕ್ಕೆ ಹೊಂದಿಸಲು ಗುಣಿಸುವ ಸಂಖ್ಯೆ. ನಿಮ್ಮದು ಬೇಕಾದರೆ ಕೆಲವು ತಿಂಗಳು ಅದೇ ಟೆಲಿಸ್ಕೋಪ್, ಅದೇ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಇಟ್ಟುಕೊಂಡು ಎಣಿಸಿ, ಆಮೇಲೆ ಹೋಲಿಸಿ. ಅಧಿಕೃತ ಸಂಖ್ಯೆ ನೋಡಿಕೊಂಡು ಚುಕ್ಕೆ ಹುಡುಕಲು ಮಾತ್ರ ಹೋಗಬೇಡಿ, ಇಲ್ಲದ್ದೂ ಕಾಣಿಸುತ್ತದೆ! ಹಾಂ, ಒಂದೇ ಬೂದು ಅಂಚಿನೊಳಗೆ ಎರಡು ಕಪ್ಪು ನಡುಭಾಗ ಇದ್ದರೆ ಅವು ಎರಡು ಕಲೆ.

ಓರೆನೋಟ:
ಎಡ ಬಲದ ಗೊಂದಲ ನಿಮ್ಮ ಡಯಾಗನಲ್ ಕನ್ನಡಿಯದು, ಅಂದರೆ ಐಪೀಸ್‌ಗೆ ಮುಂಚೆ ಬೆಳಕನ್ನು ತಿರುಗಿಸುವ ಓರೆ ಕನ್ನಡಿ. ಅದು ಚಿತ್ರವನ್ನು ಅದಲುಬದಲು ಮಾಡುತ್ತದೆ. ಟೆಲಿಸ್ಕೋಪನ್ನು ಅಲುಗಾಡಿಸದೆ ಸುಮ್ನೆ ಬಿಡಿ, ಸೂರ್ಯ ತಾನಾಗಿ ಜಾರುತ್ತಾನೆ. ಮೊದಲು ಆಚೆ ಹೋಗುವ ಅಂಚು ಪಶ್ಚಿಮ. ಅದನ್ನು ಕಾಗದದಲ್ಲಿ ಬರೆದುಕೊಳ್ಳಿ. ಹೊಸ ಕಲೆಗಳು ಪೂರ್ವದ ಅಂಚಿನಿಂದ ಒಳಬಂದು, ಸುಮಾರು ಎರಡು ವಾರದಲ್ಲಿ ಪಶ್ಚಿಮ ಮುಟ್ಟುತ್ತವೆ.

ನೆರಳುಪ್ರಿಯ:
ಫೈಂಡರ್‌ಗೆ (ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕ) ಮುಚ್ಚಳ ಹಾಕಿದ್ದೀರಿ ತಾನೇ? ಪ್ರತಿ ಸಲ ಫಿಲ್ಟರನ್ನು ದೀಪಕ್ಕೆ ಹಿಡಿದು ಸೂಜಿತೂತು ಇದೆಯಾ ನೋಡಿ. ಐಪೀಸ್‌ಗೆ ತಿರುಗಿಸಿ ಹಾಕುವ ಕಪ್ಪು ಗಾಜು ಜೊತೆಗೆ ಬಂದಿದ್ದರೆ ಎಸೆಯಿರಿ. ಬಿಸಿಗೆ ಅದು ಒಡೆಯುತ್ತದೆ.

ಬಿಸಿಲುಗಣ್ಣು:
ಮುಚ್ಚಳ ಇದೆ, ಕಪ್ಪು ಗಾಜು ಇಲ್ಲ. ಪಶ್ಚಿಮ ಈಗ ಸಿಕ್ಕಿತು. ಇವತ್ತು ಪೂರ್ವದ ಅಂಚಿನಲ್ಲಿ ಬೆಳ್ಳಗಿನ ತೇಪೆ, ಅದರ ನಡುವೆ ಒಂಟಿ ಚುಕ್ಕೆ. ಒಂದೇ ಇದ್ದರೆ ಗುಂಪು ಅನ್ನಬಹುದಾ?

ಹಳೇ ಎಣಿಕೆದಾರ:
ಅನ್ನಬಹುದು. ಒಂಟಿಯಾದರೂ ಒಂದು ಗುಂಪೇ, ನಿಮ್ಮ ಲೆಕ್ಕಕ್ಕೆ 11 ಸೇರಿಸಿ.